ವೈದ್ಯ ಸಂಶೋಧನೆಯೂ ನಮ್ಮ ಸಂಸಾರವೂ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)

ಈ ಸಭೆಗೆ ಗಂಡ ಹೆಂಡಿರು ಜೊತೆಯಾಗಿ ಬಂದಿರುವುದನ್ನು ಕಂಡು ನನಗೆ ಸಂತೋಷವಾಗಿದೆ. ಬಸುರು, ಹೆರಿಗೆ, ಬಾಣಂತನ ಎಂದೊಡನೆ 'ಅದು ಹೆಂಗಸರ ಮಾತು' ಎಂದು ಗಂಡಸರು ಎದ್ದು ಜಗಲಿಗೆ ಹೋಗುವುದು ನಮ್ಮಲ್ಲಿ ರೂಢಿ. ಆದರೆ ನೋವು ಕಾಣಿಸಿಕೊಂಡಾಗ ಆಸ್ಪತ್ರೆಗೆ ಹೊರಡಬೇಕೇ, ಬೆಳಗಾಗುವ ತನಕ ಕಾಯಬೇಕೇ ಎಂದು ತೀರ್ಮಾನಿಸುವವರು ಯಾರು? ಗಾಡಿ ಗೊತ್ತುಮಾಡುವವರು ಯಾರು? ಮುಂದಿನ ಮಗು ಯಾವಾಗ ಎಂಬುದನ್ನು ನಿರ್ಧರಿಸುವವರು ಯಾರು? ಅನೇಕ ಮನೆಗಳಲ್ಲಿ ಈ ಮಾತು ಗಂಡಸರದೇ ಆಗಿರುತ್ತದೆ. ಆದುದರಿಂದ ಇಂದು ನಾನು ಹೇಳಲಿರುವ ವಿಷಯ ಇಬ್ಬರಿಗೂ ಸೇರಿದುದು.

ಇತ್ತೀಚಿನ ವರ್ಷಗಳಲ್ಲಿ ವೈದ್ಯವಿಜ್ಞಾನದ ಬೇರೆ ಬೇರೆ ಶಾಖೆಗಳಲ್ಲಿ ನಡೆದಿರುವ ಕೆಲವು ಸಂಶೋಧನೆಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಸಂಶೋಧನೆ ಎಂದರೆ ದೊಡ್ಡ ನಗರದಲ್ಲಿ, ಗಾಜಿನ ಕೊಳವೆಗಳ ನಡುವೆ ನಡೆಯುವ ಕೆಲಸವೆಂದು ನೀವು ಭಾವಿಸಿರಬಹುದು. ಅವುಗಳಲ್ಲಿ ಕೆಲವು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಮೈಸೂರಿನ ಒಂದು ಹೆರಿಗೆ ಆಸ್ಪತ್ರೆಯ ಹಳೆಯ ಪುಸ್ತಕಗಳಲ್ಲಿ ನಡೆದಿವೆ. ಅವು ತಿಳಿಸಿದ ಸತ್ಯಗಳು ಫಲ ಕೊಡಬೇಕಾದರೆ ಮನೆಯಲ್ಲಿ ಗಂಡ ಹೆಂಡಿರು ಸೇರಿ ಮಾಡಬೇಕಾದ ಕೆಲಸ ಬಹಳವಿದೆ.

ಒಬ್ಬರ ಅನುಭವ, ಹಲವರ ಪರೀಕ್ಷೆ

'ಎದುರುಮನೆಯ ಸೊಸೆ ಬಸುರಿನಲ್ಲಿ ಒಂದು ಮಾತ್ರೆಯನ್ನೂ ನುಂಗಲಿಲ್ಲ. ಅವಳ ಮಗು ಗುಂಡುಕಲ್ಲಿನ ಹಾಗಿದೆ' ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದು ಸುಳ್ಳಿರಲಾರದು. ಆದರೆ ಒಬ್ಬರಿಗೆ ಆದದ್ದು ಎಲ್ಲರಿಗೂ ಆಗುವುದೇ?

ಹೊಸ ತಳಿಯ ಬೀಜ ಬಂದಾಗ ಬುದ್ಧಿವಂತ ರೈತನು ಏನು ಮಾಡುತ್ತಾನೆ? ಒಂದೇ ಹೊಲವನ್ನು ಎರಡು ಪಾಲು ಮಾಡಿ, ಒಂದರಲ್ಲಿ ಹಳೆಯ ಬೀಜವನ್ನೂ ಇನ್ನೊಂದರಲ್ಲಿ ಹೊಸ ಬೀಜವನ್ನೂ ಬಿತ್ತುತ್ತಾನೆ. ಮಣ್ಣು ಒಂದೇ, ಗೊಬ್ಬರ ಒಂದೇ, ಮಳೆ ಒಂದೇ. ಸುಗ್ಗಿಯಲ್ಲಿ ಎರಡನ್ನೂ ಅಳೆದು ನೋಡುತ್ತಾನೆ. ವೈದ್ಯರೂ ಹೀಗೆಯೇ ಮಾಡುತ್ತಾರೆ. ಒಬ್ಬ ರೋಗಿಯಲ್ಲಿ ಕಂಡ ವಿಶೇಷವನ್ನು ಬರೆದಿಡುವುದು ಮೊದಲ ಹೆಜ್ಜೆ. ಅದರಿಂದ ಸಂದೇಹ ಹುಟ್ಟುತ್ತದೆ, ಸಿದ್ಧಾಂತ ಹುಟ್ಟುವುದಿಲ್ಲ. ಆಮೇಲೆ, ಒಪ್ಪಿಗೆ ಕೊಟ್ಟ ನೂರಾರು, ಸಾವಿರಾರು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊಸ ಚಿಕಿತ್ಸೆಯನ್ನು ಕೊಟ್ಟು, ಎರಡನ್ನೂ ಹೋಲಿಸುತ್ತಾರೆ. ಹೀಗೆ ಅಳೆದು ನೋಡಿದ ಮಾತಿಗೂ ಜಗಲಿಯ ಮಾತಿಗೂ ವ್ಯತ್ಯಾಸವಿದೆ.

ಹೆರಿಗೆಯ ನಂತರದ ರಕ್ತಸ್ರಾವ

ಮೊದಲು ಪ್ರಸೂತಿಶಾಸ್ತ್ರವನ್ನು ತೆಗೆದುಕೊಳ್ಳೋಣ. ಮಗು ಹುಟ್ಟಿ, ಮಾಸು ಬಿದ್ದ ಮೇಲೆ ಗರ್ಭಕೋಶವು ಮುಷ್ಟಿ ಬಿಗಿದಂತೆ ಗಟ್ಟಿಯಾಗಿ ಸಂಕುಚಿಸಬೇಕು. ಹಾಗಾದರೆ ರಕ್ತ ನಿಲ್ಲುತ್ತದೆ. ಅದು ಸಡಿಲವಾಗಿಯೇ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ, ಕೆಲವೇ ಗಂಟೆಗಳಲ್ಲಿ ತಾಯಿಯ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಇದನ್ನು ತಡೆಯುವ ಚುಚ್ಚುಮದ್ದು ಆಸ್ಪತ್ರೆಗಳಲ್ಲಿ ಇದೆ. ಆದರೆ ಅದನ್ನು ತಂಪಿನಲ್ಲಿ ಕಾಪಾಡಬೇಕು. ವಿದ್ಯುತ್ತಾಗಲಿ ಶೀತಕ ಪೆಟ್ಟಿಗೆಯಾಗಲಿ ಇಲ್ಲದ ಕಡೆ ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಲು 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಗ್ರಾಮಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆತ್ತ 1620 ತಾಯಂದಿರು ಇದರಲ್ಲಿದ್ದರು. ಒಂದು ಗುಂಪಿನವರಿಗೆ ಮಗು ಹುಟ್ಟಿದೊಡನೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನೂ ಇನ್ನೊಂದು ಗುಂಪಿನವರಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಮಾತ್ರೆಯನ್ನೂ ದಾದಿಯರು ಕೊಟ್ಟರು. ಸುರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳದೆ, ತಾಯಿಯ ಕೆಳಗೆ ಗುರುತು ಹಾಕಿದ ಪ್ಲಾಸ್ಟಿಕ್ ಚೀಲವಿರಿಸಿ ಅಳೆದರು. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರು ಅಥವಾ ಅದಕ್ಕೂ ಹೆಚ್ಚು ರಕ್ತ ಹೋಯಿತು. ಔಷಧ ಪಡೆದವರಲ್ಲಿ ನೂರಕ್ಕೆ 6.4 ಮಂದಿಗೆ ಮಾತ್ರ. ಒಂದು ಲೀಟರು ಅಥವಾ ಅದಕ್ಕೆ ಮೀರಿದ ಘೋರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಹೊರದೇಶಗಳ ವೈದ್ಯರೂ ಓದಿದರು.

ಅಳೆಯುವ ಚೀಲದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾ ದೇಶಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ಪರೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಇಂತಹುದೇ ಗುರುತು ಹಾಕಿದ ಚೀಲವಿಟ್ಟು ರಕ್ತವನ್ನು ಅಳೆದು, ಮಿತಿ ಮೀರುತ್ತಿದೆಯೆಂದು ಕಂಡೊಡನೆ ಗರ್ಭಕೋಶವನ್ನು ತಿಕ್ಕುವುದು, ಔಷಧ ಕೊಡುವುದು, ರಕ್ತನಾಳಕ್ಕೆ ದ್ರವ ಏರಿಸುವುದು, ಪರೀಕ್ಷಿಸಿ ನೋಡುವುದು, ಈ ಎಲ್ಲವನ್ನೂ ಒಂದಾದ ಮೇಲೊಂದರಂತೆ ಕಾಯುತ್ತ ಕೂರದೆ ಒಟ್ಟಿಗೇ ಮಾಡಿದರು. ಘೋರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆ, ಅದರಿಂದ ಮರಣ, ಇವುಗಳ ಒಟ್ಟು ಪ್ರಮಾಣ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ಇಲ್ಲಿ ಹೊಸ ಔಷಧವೇನೂ ಇರಲಿಲ್ಲ. ಇದ್ದುದನ್ನು ಬೇಗ ಕಂಡು ಬೇಗ ಮಾಡಿದ್ದೇ ಹೊಸತು.

ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಇನ್ನೊಂದು ಚುಚ್ಚುಮದ್ದನ್ನು 21 ದೇಶಗಳ 20,060 ಬಾಣಂತಿಯರಲ್ಲಿ ಪರೀಕ್ಷಿಸಿದ ವರದಿ 2017ರಲ್ಲಿ ಬಂದಿತು. ಹೆರಿಗೆಯಾದ ಮೂರು ಗಂಟೆಗಳೊಳಗೆ ಕೊಟ್ಟಾಗ ರಕ್ತಸ್ರಾವದಿಂದಾಗುವ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಮೂರು ಗಂಟೆ ಮೀರಿದ ಮೇಲೆ ಕೊಟ್ಟರೆ ಪ್ರಯೋಜನ ಕಾಣಲಿಲ್ಲ.

ದಯವಿಟ್ಟು ಈ ಮೂರು ಗಂಟೆಗಳ ಲೆಕ್ಕವನ್ನು ನಿಮ್ಮ ಊರಿಗೆ ಅನ್ವಯಿಸಿ ನೋಡಿ. ಒಂದು ಮನೆಯನ್ನು ಊಹಿಸಿಕೊಳ್ಳಿ. ನಡುರಾತ್ರಿ ಮನೆಯಲ್ಲಿಯೇ ಹೆರಿಗೆಯಾಗಿದೆ. ಬಟ್ಟೆಯ ಮೇಲೆ ಬಟ್ಟೆ ತೊಯ್ಯುತ್ತಿದೆ. 'ಹೆರಿಗೆಯೆಂದರೆ ರಕ್ತ ಹೋಗುವುದೇ' ಎಂದು ಅತ್ತೆ ಸಮಾಧಾನ ಹೇಳುವುದರಲ್ಲಿ ಅರ್ಧ ಗಂಟೆ, ಗಂಡನನ್ನು ಎಬ್ಬಿಸಿ ಮಾತನಾಡುವುದರಲ್ಲಿ ಅರ್ಧ ಗಂಟೆ, ಹಣ ಹೊಂದಿಸಿ ಗಾಡಿ ಹುಡುಕುವುದರಲ್ಲಿ ಒಂದು ಗಂಟೆ, ದಾರಿಯಲ್ಲಿ ಒಂದು ಗಂಟೆ. ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಔಷಧದ ಕಾಲವೇ ಕಳೆದುಹೋಗಿರುತ್ತದೆ! ಅಲ್ಲಿ ತಪ್ಪಿದುದು ಔಷಧವಲ್ಲ, ಹೊತ್ತು.

ಆದುದರಿಂದ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಎಂಟನೆಯ ತಿಂಗಳಿನಲ್ಲಿಯೇ ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು, ರಕ್ತ ಬೇಕಾದರೆ ಕೊಡುವವರು ಯಾರು ಎಂಬುದನ್ನು ಇಬ್ಬರೂ ಕುಳಿತು ತೀರ್ಮಾನಿಸಿ. 108ಕ್ಕೆ ಕರೆ ಮಾಡುವುದನ್ನು ಮನೆಯ ಎಲ್ಲರೂ ತಿಳಿದಿರಲಿ. ಹೆರಿಗೆಯಾದ ಮೇಲೆ ಐದು ನಿಮಿಷದೊಳಗೆ ಒಂದು ಬಟ್ಟೆ ಪೂರ್ತಿ ತೊಯ್ದರೆ ಅದು ಅಪಾಯದ ಸೂಚನೆ. ಯಾರ ಅಪ್ಪಣೆಗೂ ಕಾಯದೆ ಹೊರಡತಕ್ಕದ್ದು. ಮೇಲೆ ಹೇಳಿದ ಮಾತ್ರೆಯನ್ನು ಅಂಗಡಿಯಿಂದ ತಂದು ತಾವೇ ನುಂಗುವುದು ಸರ್ವಥಾ ಕೂಡದು. ಮಗು ಹೊಟ್ಟೆಯಲ್ಲಿರುವಾಗ ಅದನ್ನು ತೆಗೆದುಕೊಂಡರೆ ಗರ್ಭಕೋಶವೇ ಹರಿದೀತು. ಅದು ದಾದಿಯ ಅಥವಾ ವೈದ್ಯರ ಕೈಯಿಂದ ಮಾತ್ರ ಬರಬೇಕಾದ ಔಷಧ.

ಔಷಧ ಸೋತ ಕಡೆ ಕಲಿತ ಪಾಠ

ಸಂಶೋಧನೆಯೆಲ್ಲವೂ ಜಯದಲ್ಲಿಯೇ ಮುಗಿಯುವುದಿಲ್ಲ. ಸೋಲನ್ನೂ ಮುಚ್ಚಿಡದೆ ಹೇಳುವುದೇ ವಿಜ್ಞಾನದ ಧರ್ಮ. ಟ್ರಾನೆಕ್ಸಾಮಿಕ್ ಆಮ್ಲವು ರಕ್ತಸ್ರಾವ ಆರಂಭವಾದ ಮೇಲೆ ಕೆಲಸ ಮಾಡುವುದಾದರೆ, ರಕ್ತಹೀನತೆಯುಳ್ಳ ತಾಯಂದಿರಿಗೆ ಹೆರಿಗೆಯಾದೊಡನೆ ಮುಂಜಾಗ್ರತೆಯಾಗಿ ಕೊಟ್ಟರೆ ರಕ್ತಸ್ರಾವವನ್ನೇ ತಡೆಯಬಹುದಲ್ಲವೇ ಎಂದು ವೈದ್ಯರು ಆಲೋಚಿಸಿದರು. ಪಾಕಿಸ್ತಾನ, ನೈಜೀರಿಯಾ, ತಾಂಜಾನಿಯಾ, ಜಾಂಬಿಯಾ ದೇಶಗಳ 15,068 ತಾಯಂದಿರಲ್ಲಿ ಪರೀಕ್ಷಿಸಿದರು. 2023ರಲ್ಲಿ ಫಲಿತಾಂಶ ಬಂದಿತು: ಎರಡು ಗುಂಪುಗಳಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ.

ಆದರೆ ಅದೇ ತಾಯಂದಿರ ಲೆಕ್ಕಗಳನ್ನು ಪರಿಶೀಲಿಸಿದಾಗ ಇನ್ನೊಂದು ಸಂಗತಿ ಹೊರಬಿದ್ದಿತು. ಯಾರ ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚು ಕಡಿಮೆಯಾಗಿದ್ದಿತೋ ಅವರಿಗೇ ರಕ್ತಸ್ರಾವದ ಅಪಾಯ ಹೆಚ್ಚಾಗಿದ್ದಿತು. ಮೊದಲೇ ಬತ್ತಿದ ಕೆರೆಯಿಂದ ತೂಬು ಒಡೆದು ನೀರು ಹರಿದರೆ ಏನಾದೀತು? ಹೆರಿಗೆಯ ದಿನ ಕೊಡುವ ಚುಚ್ಚುಮದ್ದು ಒಂಬತ್ತು ತಿಂಗಳ ಕೊರತೆಯನ್ನು ತುಂಬಿಕೊಡಲಾರದು. ಆ ಕೊರತೆಯನ್ನು ಬಸುರಿನಲ್ಲಿಯೇ ತುಂಬಬೇಕು.

2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಬಸುರಿಯರಲ್ಲಿ ನೂರಕ್ಕೆ ಸುಮಾರು 52 ಮಂದಿಗೆ ರಕ್ತಹೀನತೆ ಇದ್ದಿತು. ಅಂದರೆ ಇಬ್ಬರಲ್ಲಿ ಒಬ್ಬರಿಗೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ, ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ತೆಗೆದುಕೊಳ್ಳತಕ್ಕದ್ದು. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬಾರದು. 'ಮಾತ್ರೆ ನುಂಗಿದರೆ ಕೂಸು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ' ಎಂಬುದು ಆಧಾರವಿಲ್ಲದ ಮಾತು. ಮಾತ್ರೆಯ ಜೊತೆಗೆ ಕಾಫಿ, ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆ, ನೆಲ್ಲಿ, ಸೀಬೆ ಹತ್ತಿಸುತ್ತವೆ. ಸೊಪ್ಪು, ಕಾಳು, ರಾಗಿ, ಒಗ್ಗುವವರಿಗೆ ಮೊಟ್ಟೆ, ಮಾಂಸ ಇರಲಿ. ಎಲ್ಲರೂ ಉಂಡಾದ ಮೇಲೆ ಉಳಿದುದನ್ನು ಬಸುರಿ ಉಣ್ಣುವ ಪದ್ಧತಿಯನ್ನು, ಗಂಡಸರೇ, ನೀವೇ ಮುಂದೆ ನಿಂತು ಬಿಡಿಸಬೇಕು.

ತಾಯಿಯ ಎದೆಯೇ ತೊಟ್ಟಿಲು

ಇನ್ನು ನವಜಾತ ಶಿಶುವಿನ ವೈದ್ಯಕೀಯಕ್ಕೆ ಬರೋಣ. 1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯರು ಒಂದು ಇಕ್ಕಟ್ಟಿನಲ್ಲಿದ್ದರು. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಬಹಳ; ಅವನ್ನು ಬೆಚ್ಚಗಿಡುವ ಯಂತ್ರಗಳು ಕೆಲವೇ. ಆಗ ಅವರು ಕಾಂಗರೂ ತನ್ನ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳುವಂತೆ, ಕೂಸನ್ನು ತಾಯಿಯ ಬರಿ ಎದೆಗೆ ಒತ್ತಿ ಕಟ್ಟಿಸಿದರು. ಬಡತನದಿಂದ ಹುಟ್ಟಿದ ಈ ಉಪಾಯವು ಯಂತ್ರಕ್ಕೆ ಸಾಟಿಯಾದೀತೇ ಎಂದು ಅನೇಕರು ಸಂದೇಹಪಟ್ಟರು.

2021ರಲ್ಲಿ ಆ ಸಂದೇಹಕ್ಕೆ ಉತ್ತರ ದೊರೆಯಿತು. ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ದೇಶಗಳ ಐದು ಆಸ್ಪತ್ರೆಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗೆ ತೂಗಿದ 3,211 ಕೂಸುಗಳನ್ನು ಪರೀಕ್ಷೆಗೆ ಸೇರಿಸಿದರು. ಒಂದು ಗುಂಪಿನ ಕೂಸುಗಳನ್ನು ವಾಡಿಕೆಯಂತೆ ಮೊದಲು ಯಂತ್ರದಲ್ಲಿಟ್ಟರು. ಇನ್ನೊಂದು ಗುಂಪಿನವನ್ನು ಹುಟ್ಟಿದೊಡನೆ ತಾಯಿಯ ಎದೆಗೆ ಕೊಟ್ಟರು. ಮೊದಲ 28 ದಿನಗಳಲ್ಲಿ ಯಂತ್ರದ ಗುಂಪಿನಲ್ಲಿ ನೂರಕ್ಕೆ 15.7 ಕೂಸುಗಳು ತೀರಿಕೊಂಡವು. ತಾಯಿಯ ಎದೆಯ ಮೇಲಿದ್ದವುಗಳಲ್ಲಿ 12. ಪ್ರಯೋಜನ ಅಷ್ಟು ಸ್ಪಷ್ಟವಾದುದರಿಂದ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು.

ಇದು ಆಸ್ಪತ್ರೆಯ ಮಾತಾಯಿತು. ಹಳ್ಳಿಯ ಮನೆಯಲ್ಲಿ ಆದೀತೇ? ಹರಿಯಾಣ ರಾಜ್ಯದಲ್ಲಿ 1.5 ಕಿಲೋದಿಂದ 2.25 ಕಿಲೋವರೆಗೆ ತೂಗಿದ 8,402 ಕೂಸುಗಳಲ್ಲಿ ಇದನ್ನು ಮನೆಯಲ್ಲಿಯೇ ಪರೀಕ್ಷಿಸಿದ ವರದಿ 2019ರಲ್ಲಿ ಪ್ರಕಟವಾಯಿತು. ಆರೋಗ್ಯ ಕಾರ್ಯಕರ್ತೆಯರು ಮನೆಗೆ ಹೋಗಿ ಕಲಿಸಿಕೊಟ್ಟರು. ಮೊದಲ 28 ದಿನಗಳ ಸಾವು ಸುಮಾರು ನೂರಕ್ಕೆ 30ರಷ್ಟು ಕಡಿಮೆಯಾಯಿತು.

ಮಾಡುವ ಕ್ರಮ ಸುಲಭ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ತಾಯಿಯ ಎರಡು ಸ್ತನಗಳ ನಡುವೆ, ಮೈಗೆ ಮೈ ತಾಗುವಂತೆ ನೆಟ್ಟಗೆ ಇರಿಸಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮೂಗು ಮುಚ್ಚದಂತೆ ಮೃದುವಾದ ಬಟ್ಟೆಯಿಂದ ಕಟ್ಟಿಕೊಳ್ಳಬೇಕು. ಎದೆಹಾಲನ್ನು ಮಾತ್ರ ಕೊಡಬೇಕು. ಜೇನು, ಸಕ್ಕರೆ ನೀರು ಬೇಡ. ತಾಯಿ ಸ್ನಾನಕ್ಕೋ ಊಟಕ್ಕೋ ಎದ್ದಾಗ ತಂದೆ ತನ್ನ ಎದೆಗೆ ಕಟ್ಟಿಕೊಳ್ಳಲಿ. ಇದರಲ್ಲಿ ನಾಚಿಕೆಯೇನು? ನೇಗಿಲು ಹಿಡಿದ ಎದೆಗೂ ಕೂಸನ್ನು ಬೆಚ್ಚಗಿಡುವ ಶಕ್ತಿಯುಂಟು. ಆದರೆ ಹಾಲು ಹೀರದ, ಮೈ ತಣ್ಣಗಾದ, ಉಸಿರಾಟ ಕಷ್ಟವಾದ ಕೂಸನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲಿಯೂ ಅದು ಎದೆಯ ಮೇಲೆಯೇ ಇರಲಿ.

ಮನೆಯವರ ಕೈಯ ಔಷಧ

ಮಕ್ಕಳ ಭೇದಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಿತು. ಡಾ. ದಿಲೀಪ್ ಮಹಾಲನೊಬಿಸ್ ಅವರು ಗ್ಲೂಕೋಸ್, ಉಪ್ಪು, ಸೋಡಾ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಅಲ್ಲಿ ಜೀವ ಉಳಿಸಿದವರು ಪದವೀಧರರು ಮಾತ್ರವಲ್ಲ. ಲೋಟ ಹಿಡಿದ ತಾಯಿ, ತಂದೆ, ಅಣ್ಣ, ಅಕ್ಕ.

ಆ ನೀರೇ ಇಂದು ಓಆರ್‌ಎಸ್ ಪೊಟ್ಟಣವಾಗಿ ನಿಮ್ಮೂರಿನ ಆಶಾ ಕಾರ್ಯಕರ್ತೆಯ ಬಳಿ ಇದೆ. ಪೊಟ್ಟಣದ ಮೇಲೆ ಬರೆದಷ್ಟು ಶುದ್ಧ ನೀರಿನಲ್ಲಿ ಪೂರ್ತಿ ಪುಡಿಯನ್ನು ಕದಡಿ, ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಬೇಕು. ಜೊತೆಗೆ ಸತುವಿನ ಮಾತ್ರೆಯನ್ನು 14 ದಿನ ಕೊಡಬೇಕು. ಭೇದಿಯೆಂದು ಎದೆಹಾಲನ್ನಾಗಲಿ ಅನ್ನವನ್ನಾಗಲಿ ನಿಲ್ಲಿಸಬಾರದು.

ಮೈಸೂರಿನ ಹಳೆಯ ಪುಸ್ತಕಗಳು

ಕೊನೆಯದಾಗಿ ಹೃದಯರೋಗದ ಒಂದು ಸಂಶೋಧನೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕವನ್ನು ಪುಸ್ತಕಗಳಲ್ಲಿ ಬರೆದು ಜೋಪಾನವಾಗಿ ಇಟ್ಟಿದ್ದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು, ಅವರು ನಡುವಯಸ್ಸಿಗೆ ಬಂದ ಮೇಲೆ ಹುಡುಕಿ, ಹೃದಯವನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದಿತು, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ. ಹುಟ್ಟುತೂಕವೂ ಕಡಿಮೆಯಿದ್ದು, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ ಈ ಸಂಖ್ಯೆ 20ಕ್ಕೆ ಏರಿದ್ದಿತು.

ಇದು ಚೀಟಿ ಎತ್ತಿ ಮಾಡಿದ ಪರೀಕ್ಷೆಯಲ್ಲ. ಆದುದರಿಂದ ತೂಕವೊಂದೇ ಕಾರಣವೆಂದು ಸಾಧಿಸಿದಂತಾಗಲಿಲ್ಲ. ಆದರೆ ಇಂಗ್ಲೆಂಡಿನ ಹಳೆಯ ದಾಖಲೆಗಳೂ ಇದೇ ದಿಕ್ಕನ್ನು ತೋರಿಸಿವೆ. ಇಂದು ಬಸುರಿಯ ತಟ್ಟೆಯಲ್ಲಿ ಕಡಿಮೆಯಾದ ಒಂದು ತುತ್ತಿನ ಲೆಕ್ಕವು ಐವತ್ತು ವರ್ಷಗಳ ಮೇಲೆ ಮಗನ ಎದೆಯಲ್ಲಿ ಕಾಣಿಸಿಕೊಳ್ಳಬಹುದೆಂಬುದನ್ನು ನಾವು ಮರೆಯಬಾರದು.

ಭೂಮಿಗೆ ಬೀಡು, ತಾಯಿಗೆ ಬಿಡುವು

ಈ ಎಲ್ಲ ಶಾಖೆಗಳ ಮಾತನ್ನೂ ಒಟ್ಟುಗೂಡಿಸಿ ನೋಡಿ. ತಾಯಿಯ ರಕ್ತ, ಕೂಸಿನ ತೂಕ, ಎದೆಹಾಲು, ಮುಂದಿನ ಪೀಳಿಗೆಯ ಹೃದಯ, ಇವೆಲ್ಲವೂ ತಾಯಿಯ ಮೈ ಚೇತರಿಸಿಕೊಂಡಿದೆಯೇ ಎಂಬುದನ್ನು ಅವಲಂಬಿಸಿವೆ. ಹೊಲವನ್ನು ಒಂದು ಹಂಗಾಮು ಬೀಡು ಬಿಡುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುವಿಗೆ ಎರಡು ವರ್ಷ ತುಂಬುವ ತನಕ ತಾಯಿ ಮತ್ತೆ ಬಸುರಾಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. 1930ರಲ್ಲಿಯೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದ ಸಂಸ್ಥಾನ ನಮ್ಮ ಮೈಸೂರು; ಈ ವಿಚಾರ ನಮಗೆ ಹೊಸದಲ್ಲ.

ಅಂತರಕ್ಕೆ ನಿರೋಧ್, ವಂಕಿ, ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು, ಮಾತ್ರೆಗಳು ಇವೆ. ಯಾರಿಗೆ ಯಾವುದು ಒಗ್ಗುವುದೆಂಬುದನ್ನು ವೈದ್ಯರೊಡನೆ ವಿಚಾರಿಸಿ ಆರಿಸಿಕೊಳ್ಳಬಹುದು. ಇನ್ನು ಮಕ್ಕಳು ಬೇಡವೆಂದು ಇಬ್ಬರೂ ನಿಶ್ಚಯಿಸಿದರೆ, ಗಂಡಸಿನ ಶಸ್ತ್ರಚಿಕಿತ್ಸೆ ಹೆಂಗಸಿನದಕ್ಕಿಂತ ಚಿಕ್ಕದು, ಹೊಟ್ಟೆಯನ್ನು ತೆರೆಯಬೇಕಾಗಿಲ್ಲ. ಅದರಿಂದ ದುಡಿಯುವ ಶಕ್ತಿಯಾಗಲಿ ಪುರುಷತ್ವವಾಗಲಿ ಕುಂದುವುದಿಲ್ಲ. ಆದರೆ ಮೂರು ತಿಂಗಳು ಕಳೆದು, ವೀರ್ಯ ಪರೀಕ್ಷೆಯಾಗುವ ತನಕ ಬೇರೆ ವಿಧಾನವನ್ನು ಬಳಸುತ್ತಿರಬೇಕು. ಹೆತ್ತವಳೇ ಶಸ್ತ್ರಚಿಕಿತ್ಸೆಯನ್ನೂ ಹೊರಬೇಕೆಂಬ ನಿಯಮವೇನೂ ಇಲ್ಲ.

ನೆನಪಿಡತಕ್ಕ ಅಂಶಗಳು

1. ಹೆರಿಗೆ ಆಸ್ಪತ್ರೆಯಲ್ಲಿ ಆಗಲಿ. ವಾಹನ, ಜೊತೆಗಾರರನ್ನು ಎಂಟನೆಯ ತಿಂಗಳಿನಲ್ಲಿಯೇ ಗೊತ್ತುಮಾಡಿ.
2. ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ ಒಂದು ನಿಮಿಷವನ್ನೂ ಕಳೆಯಬೇಡಿ.
3. ಕಬ್ಬಿಣದ ಮಾತ್ರೆಯನ್ನು ದಿನವೂ ತಪ್ಪದೆ ತೆಗೆದುಕೊಳ್ಳಿ.
4. ಹಗುರಾದ ಕೂಸನ್ನು ಮೈಗೆ ಮೈ ತಾಗಿಸಿ ಎದೆಯ ಮೇಲೆ ಬೆಚ್ಚಗಿಡಿ.
5. ಭೇದಿಗೆ ಓಆರ್‌ಎಸ್ ಮತ್ತು ಸತುವಿನ ಮಾತ್ರೆ.
6. ಒಂದು ಮಗುವಿಗೆ ಎರಡು ವರ್ಷ ತುಂಬಿದ ಮೇಲೆಯೇ ಮುಂದಿನ ಬಸುರಿನ ಯೋಚನೆ.

ಸೋದರ ಸೋದರಿಯರೇ, ಬೆಳಗಾವಿಯ ತಾಯಂದಿರು, ಹರಿಯಾಣದ ಕೂಸುಗಳು, ಬನಗಾಂವ್‌ನ ನಿರಾಶ್ರಿತರು, ಇವರೆಲ್ಲರ ಮೂಲಕ ನಮಗೆ ತಿಳಿದುಬಂದ ಜ್ಞಾನವಿದು. ಪುಸ್ತಕದಲ್ಲಿ ಉಳಿದರೆ ಅದು ಕಾಗದ. ನಿಮ್ಮ ಮನೆಗೆ ಬಂದರೆ ಜೀವ. ಇಂದು ರಾತ್ರಿ ಊಟವಾದ ಮೇಲೆ ಗಂಡ ಹೆಂಡಿರು ಕುಳಿತು ಒಂದಷ್ಟು ಹೊತ್ತು ಈ ವಿಷಯ ಮಾತನಾಡಿಕೊಳ್ಳಿ. ನಮ್ಮ ಮನೆಯಲ್ಲಿ ಆ ಮೂರು ಗಂಟೆಗಳು ಬಂದರೆ ನಾವು ಏನು ಮಾಡುತ್ತೇವೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಉತ್ತರ ಸಿದ್ಧವಾಗಿರುವ ಮನೆಯಲ್ಲಿ ತಾಯಿ ಉಳಿಯುತ್ತಾಳೆ.